ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಸಮನ್ವಯ ಶಿಕ್ಷಣದ ಗತಿ

ದೃಷ್ಟಿಯಿಲ್ಲದ, ಕಿವಿ ಕೇಳಿಸದ, ನಡೆಯಲಾರದ, ಬುದ್ಧಿಯ ಬೆಳವಣಿಗೆ ಮಂದವಾದ ಮಕ್ಕಳು ಯಾವ ಕಾಲದಲ್ಲಿಯೂ ಯಾವ ಊರಿನಲ್ಲಿಯೂ ಇದ್ದೇ ಇದ್ದರು. ಆದರೆ ಅವರ ಹೆಸರುಗಳು ಊರಿನ ಶಾಲೆಯ ದಾಖಲೆ ಪುಸ್ತಕದಲ್ಲಿ ವಿರಳವಾಗಿದ್ದುವು. ಮಗು ಮನೆಯ ಜಗಲಿಯ ಮೇಲೆ ಕುಳಿತು ಬೆಳೆಯುತ್ತಿತ್ತು. ಕೈಲಾದರೆ ದನ ಕಾಯುತ್ತಿತ್ತು. ಕಳೆದ 25 ವರ್ಷಗಳಲ್ಲಿ ಈ ಸ್ಥಿತಿ ಗಣನೀಯವಾಗಿ ಬದಲಾಗಿದೆ. ಅಂಥ ಮಕ್ಕಳ ಹೆಸರುಗಳು ಇಂದು ಸರ್ಕಾರಿ ಶಾಲೆಗಳ ದಾಖಲೆಗೆ ಬಂದಿವೆ. ಹೆಸರಿನ ಹಿಂದೆ ಪಾಠವೂ ಬಂದಿತೇ ಎಂಬುದು ಬೇರೆಯ ಪ್ರಶ್ನೆ. ಪ್ರಕೃತ ಲೇಖನದಲ್ಲಿ ವಿಚಾರಿಸಬೇಕಾದುದು ಅದನ್ನೇ.

ಈ ಮಕ್ಕಳನ್ನು ಏನೆಂದು ಕರೆಯಬೇಕು ಎಂಬಲ್ಲಿಂದಲೇ ತೊಡಕು ಮೊದಲಾಗುತ್ತದೆ. ಕುರುಡ, ಕಿವುಡ, ಹೆಳವ ಎಂಬ ಮಾತುಗಳು ಹಿಂದೆ ಕೇವಲ ಸ್ಥಿತಿಯನ್ನು ಹೇಳುವ ಪದಗಳಾಗಿದ್ದು ಕಾಲಕ್ರಮದಲ್ಲಿ ಬೈಗುಳಗಳಾದುವು. ಆಡಳಿತ ಭಾಷೆ ‘ಅಂಗವಿಕಲ’ ಎಂದಿತು. ಷಟ್‌ಸ್ಥಲ ಸಿದ್ಧಾಂತವನ್ನು ಬಲ್ಲ ವಾಚಕರಿಗೆ ‘ಅಂಗ’ವೆಂಬುದು ಕೈಕಾಲುಗಳ ಹೆಸರಲ್ಲವೆಂಬುದೂ, ಲಿಂಗದೊಡನೆ ಸಾಮರಸ್ಯವನ್ನು ಪಡೆಯಬಲ್ಲ ಜೀವದ ಹೆಸರೆಂಬುದೂ ತಿಳಿದ ವಿಷಯವೇ. ಆ ಅರ್ಥದಲ್ಲಿ ಯಾವ ಮಗುವೂ ಅಂಗವಿಕಲವಲ್ಲ. ಅನಂತರ ಬಂದ ‘ವಿಕಲಚೇತನ’ ಎಂಬ ಪದ ಇನ್ನಷ್ಟು ವಿಚಿತ್ರವಾದುದು. ಅಂಗವನ್ನು ಬಿಟ್ಟು ಚೇತನವೇ ವಿಕಲವೆಂದಂತಾಯಿತು! ಆದರೂ ಇಲಾಖೆಯ ಹೆಸರಿನಲ್ಲಿ ಅದೇ ನೆಲೆನಿಂತಿದೆ. ಶಾಲೆಗಳಲ್ಲಿ ಈಗ ‘ವಿಶೇಷ ಅಗತ್ಯವುಳ್ಳ ಮಕ್ಕಳು’ ಎಂಬ ಮಾತು ಬಳಕೆಯಲ್ಲಿದೆ. ದೀರ್ಘವಾದರೂ ಇದು ಮಗುವಿನ ಕೊರತೆಯನ್ನು ಹೇಳದೆ ಶಾಲೆ ಒದಗಿಸಬೇಕಾದುದನ್ನು ಹೇಳುತ್ತದೆಯಾದುದರಿಂದ ಮೇಲಾದುದು.

ಇಂಥ ಮಕ್ಕಳ ಶಿಕ್ಷಣವು ಕನ್ನಡ ನಾಡಿನಲ್ಲಿ ನೆರೆಯ ಶಾಲೆಯಿಂದ ಪ್ರಾರಂಭವಾಗಲಿಲ್ಲ. ದೂರದ ವಸತಿ ಶಾಲೆಯಿಂದ ಪ್ರಾರಂಭವಾಯಿತು. ಮೈಸೂರಿನಲ್ಲಿ ಅಂಧರ ಮತ್ತು ಕಿವುಡರ ಶಾಲೆ ಸ್ಥಾಪಿತವಾದದ್ದು 1901ರಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮವು ಇನ್ನೊಂದು ಬಗೆಯದು. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಅವರ ಶಿಷ್ಯರೂ ಉತ್ತರಾಧಿಕಾರಿಗಳೂ ಆದ ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಅಂಧ ಬಾಲಕರು ಅಲ್ಲಿ ಸಂಗೀತವನ್ನು ಕಲಿತು ಅದನ್ನೇ ಕಾಯಕವಾಗಿ ಕೈಕೊಂಡು ನಾಡಿನಾದ್ಯಂತ ಬದುಕು ಕಟ್ಟಿಕೊಂಡರು. ಕಲಿಸುವವರೇ ಕಲಿಯುವವರ ಕಷ್ಟವನ್ನು ಬಲ್ಲವರಾದುದರಿಂದ ಆ ವಿದ್ಯೆ ಕೈಗೂಡಿತೆಂಬುದನ್ನು ಇಲ್ಲಿ ನೆನೆಯಬೇಕು. ಆದರೆ ಕಡೂರು ಸೀಮೆಯ ರೈತನೊಬ್ಬ ತನ್ನ ಮಗನನ್ನು ಬೀರೂರಿನಲ್ಲಿ ರೈಲು ಹತ್ತಿಸಿ ಮೈಸೂರಿಗೋ ಗದಗಿಗೋ ಕಳುಹಿಸಲು ಎದೆಗಟ್ಟಿ ಬೇಕಾಗಿತ್ತು. ಮಗಳಾದರೆ ಆ ಮಾತೇ ಏಳುತ್ತಿರಲಿಲ್ಲ. ವಸತಿ ಶಾಲೆ ಕೆಲವರನ್ನು ಉದ್ಧರಿಸಿತು. ಉಳಿದವರನ್ನು ಅದು ತಲಪಲಿಲ್ಲ.

ಸಾಧ್ಯವಾದ ಕಡೆಯಲ್ಲೆಲ್ಲ ಈ ಮಕ್ಕಳು ಸಾಮಾನ್ಯ ಶಾಲೆಯಲ್ಲಿಯೇ ಕಲಿಯಬೇಕೆಂದು ಕೊಠಾರಿ ಆಯೋಗ (1964–66) ಹೇಳಿತು. 1974ರಲ್ಲಿ ಕೇಂದ್ರ ಸರ್ಕಾರ ಸಮನ್ವಯ ಶಿಕ್ಷಣದ ಯೋಜನೆಯೊಂದನ್ನು ಆರಂಭಿಸಿತು. ಅದು ಮೊದಲಿಗೆ ಸಮಾಜ ಕಲ್ಯಾಣದ ಕೆಲಸವೆಂದು ಎಣಿಸಲ್ಪಟ್ಟು, 1982ರಲ್ಲಿ ಶಿಕ್ಷಣ ಇಲಾಖೆಗೆ ವರ್ಗಾವಣೆಯಾಯಿತು. ಈ ವರ್ಗಾವಣೆ ಕಾಗದದ ಮೇಲಿನ ಸಣ್ಣ ಸಂಗತಿಯೆಂದು ತೋರಬಹುದು. ವಾಸ್ತವದಲ್ಲಿ ಮಗುವು ದಯೆಗೆ ಪಾತ್ರವಾದ ಜೀವಿಯೆಂಬ ಭಾವನೆಯಿಂದ ವಿದ್ಯಾರ್ಥಿಯೆಂಬ ಭಾವನೆಗೆ ಬಂದ ಮೊದಲ ಹೆಜ್ಜೆ ಅದು. 1987ರಲ್ಲಿ ಯುನಿಸೆಫ್ ನೆರವಿನಿಂದ ಕೆಲವು ರಾಜ್ಯಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ ಒಂದು ಬ್ಲಾಕನ್ನೇ ಘಟಕವನ್ನಾಗಿ ತೆಗೆದುಕೊಂಡು, ಅಲ್ಲಿನ ಎಲ್ಲ ಶಿಕ್ಷಕರಿಗೂ ಒಂದು ವಾರ, ನೂರಕ್ಕೆ ಹತ್ತು ಮಂದಿಗೆ ಆರು ವಾರ, ಎಂಟು ಹತ್ತು ಜನರಿಗೆ ಒಂದು ವರ್ಷ ತರಬೇತಿ ಕೊಡಲಾಯಿತು. ಕರ್ನಾಟಕ ಆ ಪ್ರಯೋಗದಲ್ಲಿ ಸೇರಿರಲಿಲ್ಲ. 1990ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ರಾಜ್ಯದ ಕೆಲವು ಜಿಲ್ಲೆಗಳಿಗೆ ಬಂದರೂ ಚಿಕ್ಕಮಗಳೂರು ಅವುಗಳಲ್ಲಿ ಒಂದಾಗಿರಲಿಲ್ಲ. ಹೀಗಾಗಿ ಈ ಸೀಮೆಯ ಶಾಲೆಗಳಿಗೆ ಸಮನ್ವಯ ಶಿಕ್ಷಣ ವ್ಯಾಪಕವಾಗಿ ಕಾಲಿಟ್ಟದ್ದು 2001ರ ಅನಂತರ, ಸರ್ವ ಶಿಕ್ಷಣ ಅಭಿಯಾನದ ಜೊತೆಯಲ್ಲಿ.

ಅಭಿಯಾನವು ಯಾವ ಮಗುವನ್ನೂ ಶಾಲೆಯಿಂದ ಹೊರಗಿಡಬಾರದೆಂಬ ನಿಯಮವನ್ನು ತಂದಿತು. ಮಗುವೊಂದಕ್ಕೆ ವರ್ಷಕ್ಕೆ 1,200 ರೂಪಾಯಿಗಳವರೆಗೆ ವೆಚ್ಚ ಮಾಡಲು ಅವಕಾಶ ಕೊಟ್ಟಿತು. 2018ರಲ್ಲಿ ಅದರ ಸ್ಥಾನದಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಈ ಮೊತ್ತ 3,500 ರೂಪಾಯಿಗಳಾಯಿತು. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಗಳ ಪ್ರೋತ್ಸಾಹಧನವೂ ಸೇರಿತು. ಮಧ್ಯಾಹ್ನದ ಬಿಸಿಯೂಟ, ಅಂದರೆ ಅಕ್ಷರ ದಾಸೋಹ, ಬಂದದ್ದೂ ಇದೇ ಕಾಲದಲ್ಲಿಯೇ. ಮನೆಯಲ್ಲಿ ಕೂಡುವ ಮಗುವನ್ನು ಶಾಲೆಗೆ ತಂದು ಬಿಡಲು ಬಡ ತಾಯಂದಿರಿಗೆ ಅದೂ ಒಂದು ಕಾರಣವಾಯಿತೆಂಬುದನ್ನು ಮರೆಯುವಂತಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ 1995ರ ಅಧಿನಿಯಮವು 7 ಬಗೆಯ ನ್ಯೂನತೆಗಳನ್ನು ಹೆಸರಿಸಿತ್ತು. 2017ರ ಏಪ್ರಿಲ್‌ನಿಂದ ಜಾರಿಗೆ ಬಂದ 2016ರ ಅಧಿನಿಯಮವು 21ನ್ನು ಹೆಸರಿಸಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ, 6ರಿಂದ 18 ವರ್ಷದೊಳಗಿನ ಪ್ರತಿ ಮಗುವಿಗೂ ನೆರೆಯ ಶಾಲೆಯಲ್ಲಿ, ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣದ ಹಕ್ಕು ಈಗ ಇದೆ. ಈ ಅಧಿನಿಯಮದಲ್ಲಿ ಸಮನ್ವಯ ಶಿಕ್ಷಣಕ್ಕೆ ಕೊಟ್ಟಿರುವ ಅರ್ಥ ಲಕ್ಷ್ಯವಿಟ್ಟು ಓದತಕ್ಕದ್ದು. ಅದರಲ್ಲಿ ಎರಡು ಅಂಶಗಳಿವೆ: ನ್ಯೂನತೆಯಿರುವ ಮಕ್ಕಳೂ ಇಲ್ಲದ ಮಕ್ಕಳೂ ಕೂಡಿ ಕಲಿಯುವುದು ಒಂದು, ಕಲಿಸುವ ಕ್ರಮವನ್ನು ಬೇರೆ ಬೇರೆ ಮಕ್ಕಳ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸುವುದು ಇನ್ನೊಂದು. ಮೊದಲನೆಯದು ಸಾಕಷ್ಟು ಮಟ್ಟಿಗೆ ನೆರವೇರಿದೆ. ಎರಡನೆಯದು ನೆರವೇರದೆ ಹೋದಲ್ಲಿ ಮೊದಲನೆಯದರಿಂದ ಮಗುವಿಗೆ ಬರುವ ಲಾಭ ಬಿಸಿಯೂಟಕ್ಕೂ ಗೆಳೆತನಕ್ಕೂ ನಿಂತುಬಿಡುತ್ತದೆ. ಅವೂ ಸಣ್ಣ ಲಾಭಗಳಲ್ಲ; ಆದರೆ ಶಾಲೆಯೆಂದರೆ ಅಷ್ಟೇ ಅಲ್ಲ.

ಎರಡನೆಯ ಅಂಶ ಹಿಂದುಳಿಯಲು ಈ ಸೀಮೆಯ ಭೂಸ್ವರೂಪವೂ ಒಂದು ಕಾರಣ. ಕಡೂರು ಬಯಲುಸೀಮೆ, ತೆಂಗು, ರಾಗಿಗಳ ನಾಡು. ಯಗಟಿ, ಸಿಂಗಟಗೆರೆ, ಪಂಚನಹಳ್ಳಿಗಳ ಕಡೆ ಊರಿಂದೂರಿಗೆ ದೂರ ಹೆಚ್ಚು. ನಡುನಡುವೆ ಲಂಬಾಣಿ ತಾಂಡಾಗಳಿವೆ. ತರೀಕೆರೆಯ ಪೂರ್ವದ ಅಂಚು ಬಯಲು, ಪಶ್ಚಿಮದ ಅಂಚು ಮಲೆನಾಡು. ಲಿಂಗದಹಳ್ಳಿ, ಲಕ್ಕವಳ್ಳಿಗಳ ಆಚೆಗೆ ಅಡಕೆ ತೋಟಗಳ ನಡುವಿನ ಒಂಟಿ ಮನೆಗಳು, ಕಾಡಿನ ಅಂಚಿನ ಕೇರಿಗಳು ಮೊದಲಾಗುತ್ತವೆ. ಅಮೃತಮಹಲ್ ತಳಿಯ ರಾಸುಗಳಿಗೆ ಹೆಸರಾದ ಅಜ್ಜಂಪುರ 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದು. ಆದರೆ ಶಿಕ್ಷಣ ಇಲಾಖೆಯ ವಲಯಗಳು ತಾಲ್ಲೂಕಿನ ಎಲ್ಲೆಗಳನ್ನೇ ಅನುಸರಿಸುವುದಿಲ್ಲ. ಕಡೂರು ತಾಲ್ಲೂಕಿನೊಳಗೆ ಕಡೂರು, ಬೀರೂರು ಎಂಬ ಎರಡು ಶೈಕ್ಷಣಿಕ ವಲಯಗಳಿವೆ. ಅಜ್ಜಂಪುರ ಭಾಗದ ಶಾಲೆಗಳು ಬಹುಕಾಲ ತರೀಕೆರೆ ವಲಯಕ್ಕೆ ಸೇರಿದ್ದುವು. ವಿಶೇಷ ಶಿಕ್ಷಣದ ಸೌಲಭ್ಯಗಳು ದೊರೆಯುವುದು ವಲಯದ ಲೆಕ್ಕದಲ್ಲಿಯೇ ಹೊರತು ಹೋಬಳಿಯ ಲೆಕ್ಕದಲ್ಲಿ ಅಲ್ಲ.

ವಲಯದ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣಕ್ಕೆಂದೇ ಇರುವ ಶಿಕ್ಷಕರನ್ನು ಇಲಾಖೆಯ ಭಾಷೆಯಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುತ್ತಾರೆ. ಅವರ ಕೆಲಸ ಬಹುಮುಖವಾದುದು. ಶಾಲೆಶಾಲೆಗೆ ಹೋಗಿ ಮಕ್ಕಳನ್ನು ಗುರುತಿಸಬೇಕು. ವೈದ್ಯಕೀಯ ತಪಾಸಣೆಯ ಶಿಬಿರಕ್ಕೆ ಕರೆತರಬೇಕು. ಗಾಲಿಕುರ್ಚಿ, ಶ್ರವಣ ಸಾಧನ, ಬ್ರೈಲ್ ಸಾಮಗ್ರಿಗಳು ಬಂದಾಗ ಹಂಚಬೇಕು. ತರಗತಿಯ ಶಿಕ್ಷಕರಿಗೆ ಸಲಹೆ ಕೊಡಬೇಕು. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಬೇಕು. ಇವೆಲ್ಲದರ ಲೆಕ್ಕವನ್ನು ಗಣಕಯಂತ್ರಕ್ಕೆ ತುಂಬಬೇಕು. ಒಬ್ಬ ಶಿಕ್ಷಕರ ಪಾಲಿಗೆ ನೂರು ಮಕ್ಕಳು ಬಂದರೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 24 ದಿನ, ದಿನಕ್ಕೆ ಇಬ್ಬರು ಮಕ್ಕಳಂತೆ ಒಂದು ದಿನವೂ ಬಿಡುವಿಲ್ಲದೆ ಸುತ್ತಿದರೂ ಒಂದು ಮಗುವನ್ನು ಅವರು ಮತ್ತೆ ಕಾಣುವುದು ಎರಡು ತಿಂಗಳ ಮೇಲೆಯೇ. ಎರಡು ತಿಂಗಳಿಗೊಮ್ಮೆ ಅರ್ಧ ದಿನ ಕಲಿಸಿ ಯಾವ ಮಗುವಿಗೂ ಬ್ರೈಲ್ ಬಾರದು, ಸನ್ನೆ ಭಾಷೆಯೂ ಬಾರದು. ಹೀಗಾಗಿ ವಿಶೇಷ ಶಿಕ್ಷಕರು ಎಷ್ಟೇ ಶ್ರದ್ಧಾವಂತರಾದರೂ ದಿನನಿತ್ಯದ ಪಾಠದ ಭಾರವು ತರಗತಿಯ ಶಿಕ್ಷಕರ ಮೇಲೆಯೇ ಬೀಳುತ್ತದೆ. ಆ ಶಿಕ್ಷಕರಾದರೋ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದೇ ಕೊಠಡಿಯೊಳಗೆ ಹಲವು ತರಗತಿಗಳನ್ನು ನಡೆಸುತ್ತಿರುವವರು.

ಮಕ್ಕಳ ಸ್ವರೂಪವೂ ಈಚೆಗೆ ಬದಲಾಗಿದೆ. ಮೊದಲು ಹಳ್ಳಿಯ ಶಾಲೆಯಲ್ಲಿ ನ್ಯೂನತೆಯುಳ್ಳ ಮಗುವೆಂದರೆ ಬಹುಮಟ್ಟಿಗೆ ಪೋಲಿಯೋದಿಂದ ಕಾಲು ಸೊರಗಿದ ಮಗುವಾಗಿರುತ್ತಿತ್ತು. ಅದರ ಬುದ್ಧಿಗೆ, ಕಣ್ಣಿಗೆ, ಕಿವಿಗೆ ಕೊರತೆಯಿರಲಿಲ್ಲ. ಶಾಲೆಯ ಬಾಗಿಲನ್ನು ಮುಟ್ಟಿಸಿದರೆ ಉಳಿದುದನ್ನು ಅದೇ ನೋಡಿಕೊಳ್ಳುತ್ತಿತ್ತು. ಆದುದರಿಂದಲೇ ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರು ಹಾದಿ ಕಟ್ಟಿಸುವುದೇ ಸಮನ್ವಯವೆಂಬ ಭಾವನೆ ಬೆಳೆಯಿತು. (ಆ ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕೆಂಬುದು ನಿಯಮ, ಜಾಗ ಸಾಲದೆಂದು ಕಡಿದಾಗಿ ಕಟ್ಟಿದ ಹಾದಿಯಲ್ಲಿ ಗಾಲಿಕುರ್ಚಿಯನ್ನು ತಳ್ಳುವುದು ದೊಡ್ಡವರಿಗೂ ಕಷ್ಟ.) ಭಾರತವು 2014ರ ಮಾರ್ಚ್‌ನಲ್ಲಿ ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ಈಗ ಶಾಲೆಯಲ್ಲಿರುವ ಮಕ್ಕಳಲ್ಲಿ ಮಿದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ, ಆಟಿಸಂ, ಕಿವುಡುತನ, ಕಲಿಕೆಯ ನ್ಯೂನತೆ ಮುಂತಾದುವುಗಳು ಎದ್ದು ಕಾಣುತ್ತವೆ. ಅಥವಾ ಎದ್ದು ಕಾಣುವುದೇ ಇಲ್ಲ ಎನ್ನುವುದು ಹೆಚ್ಚು ಸರಿ. ಇಳಿಜಾರು ಹಾದಿಯಿಂದ ಇವರಲ್ಲಿ ಹಲವರಿಗೆ ಏನೂ ಆಗಬೇಕಾದುದಿಲ್ಲ. ಇವರಿಗೆ ಬೇಕಾದುದು ಕಲಿಸುವ ರೀತಿಯಲ್ಲಿಯೇ ಬದಲಾವಣೆ. ಅಂದರೆ ಕಟ್ಟಡದ ಗುತ್ತಿಗೆದಾರನು ಮಾಡಿಕೊಡಬಹುದಾದ ಕೆಲಸ ಬಹುಪಾಲು ಮುಗಿದು, ಶಿಕ್ಷಕನೇ ಮಾಡಬೇಕಾದ ಕೆಲಸ ಉಳಿದುಕೊಂಡಿದೆ.

ಕಿವುಡುತನದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಶಿಬಿರದಲ್ಲಿ ಮಗುವಿಗೆ ಶ್ರವಣ ಸಾಧನ ದೊರೆಯುತ್ತದೆ; ಭಾವಚಿತ್ರವೂ ತೆಗೆಯಲ್ಪಡುತ್ತದೆ. ಆ ಸಾಧನವನ್ನು ಕಿವಿಯಲ್ಲಿ ಹಿಡಿದು ನಿಲ್ಲಿಸುವ ಅಚ್ಚು ಮಗುವಿನ ಕಿವಿಯ ಅಳತೆಗೆ ಮಾಡಿದ್ದು. ಮಗು ಬೆಳೆದಂತೆ ಕಿವಿಯೂ ಬೆಳೆದು ಅಚ್ಚು ಸಡಿಲವಾಗುತ್ತದೆ. ಧ್ವನಿ ಸೋರಿ ಸಾಧನ ಸಿಳ್ಳು ಹಾಕತೊಡಗುತ್ತದೆ. ತರಗತಿಯ ಮಕ್ಕಳು ನಗುತ್ತಾರೆ. ಮಗು ಅದನ್ನು ತೆಗೆದು ಚೀಲದಲ್ಲಿಡುತ್ತದೆ. ಅಷ್ಟರಲ್ಲಿ ಬ್ಯಾಟರಿಯೂ ತೀರಿರುತ್ತದೆ. ಅಂಥ ಪುಟ್ಟ ಬ್ಯಾಟರಿ ಹಳ್ಳಿಯ ಅಂಗಡಿಯಲ್ಲಿ ಸಿಗತಕ್ಕದ್ದಲ್ಲ. ದಾಖಲೆಯಲ್ಲಿ ಮಾತ್ರ ಆ ಮಗು ‘ಸಾಧನ ಪಡೆದ’ ಮಗುವೇ ಆಗಿರುತ್ತದೆ. ಇನ್ನು ಹುಟ್ಟುಕಿವುಡಾದ ಮಗುವಿಗೆ ಭಾಷೆಯೇ ಇಲ್ಲದಂತಾಗುವುದು ಇದಕ್ಕಿಂತ ಗಂಭೀರವಾದ ವಿಷಯ. ತಾಯಿ ಮಗುವಿನ ನಡುವೆ ಹುಟ್ಟಿಕೊಂಡ ಮನೆಯ ಸನ್ನೆಗಳು ಊಟಕ್ಕೆ, ನಿದ್ರೆಗೆ ಸಾಕಾಗಬಹುದು. ವಿಜ್ಞಾನ ಪಾಠಕ್ಕೆ ಸಾಲವು. ಭಾರತೀಯ ಸನ್ನೆ ಭಾಷೆಗೆಂದು ದೆಹಲಿಯಲ್ಲಿ ಸಂಶೋಧನಾ ಕೇಂದ್ರವೊಂದು 2015ರಲ್ಲಿ ಏರ್ಪಟ್ಟಿತು. ಆ ಭಾಷೆಯನ್ನು ದೇಶದಾದ್ಯಂತ ಏಕರೂಪಗೊಳಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಆದರೆ ಹುಟ್ಟಿದ ಮೊದಲ ವರ್ಷಗಳಲ್ಲಿಯೇ ಕಿವುಡುತನ ಪತ್ತೆಯಾಗದಿದ್ದಲ್ಲಿ ಯಾವ ನೀತಿಯೂ ತಡವಾಗಿಯೇ ಬರುತ್ತದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿರುವುದು ಕನ್ನಡ ನಾಡಿನ ಭಾಗ್ಯ; ಪರೀಕ್ಷೆ, ಚಿಕಿತ್ಸೆ, ಶಿಕ್ಷಕರ ತರಬೇತಿ ಮೂರೂ ಅಲ್ಲಿ ನಡೆಯುತ್ತವೆ. ಅಜ್ಜಂಪುರದ ತಾಯಿಯೊಬ್ಬಳು ಮಗು ಕರೆದರೆ ಓಗೊಡುವುದಿಲ್ಲವೆಂದು ಶಂಕಿಸಿದ ದಿನಕ್ಕೂ ಆ ಸಂಸ್ಥೆಯ ಬಾಗಿಲನ್ನು ತಲಪಿದ ದಿನಕ್ಕೂ ನಡುವೆ ಎಷ್ಟು ವರ್ಷಗಳು ಕಳೆಯುತ್ತವೆ ಎಂಬುದರ ಮೇಲೆ ಮಗುವಿನ ಭವಿಷ್ಯ ನಿಂತಿದೆ.

ಈ ಅಂತರವನ್ನು ಕಡಿಮೆ ಮಾಡಲೆಂದು 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಪ್ರಾರಂಭವಾಯಿತು. ಅದರ ಸಂಚಾರಿ ವೈದ್ಯರ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಭೇಟಿ ಕೊಡಬೇಕು. 2023ರ ನವೆಂಬರ್‌ನಲ್ಲಿ ಅಂಗನವಾಡಿಗಳಿಗಾಗಿಯೇ, ಇಂಥ ಮಕ್ಕಳನ್ನು ಗುರುತಿಸಿ ಸೇರಿಸಿಕೊಳ್ಳುವ ಮಾರ್ಗಸೂಚಿಯೂ ಹೊರಟಿತು. ಶಾಲಾ ಶಿಕ್ಷಕರಿಗೆಂದು 2022ರಲ್ಲಿ ‘ಪ್ರಶಸ್ತ್’ ಎಂಬ ಮೊಬೈಲ್ ತಂತ್ರಾಂಶ ಬಂದಿತು. 21 ನ್ಯೂನತೆಗಳ ಪ್ರಾಥಮಿಕ ಲಕ್ಷಣಗಳನ್ನು ಶಿಕ್ಷಕರೇ ಪ್ರಶ್ನಾವಳಿಯ ಮೂಲಕ ಗುರುತಿಸಬಹುದೆಂಬುದು ಅದರ ಉದ್ದೇಶ. ಇದು ಶಂಕೆಯನ್ನು ದಾಖಲಿಸುವ ಸಾಧನವೇ ಹೊರತು ರೋಗನಿರ್ಣಯದ ಸಾಧನವಲ್ಲ. ಪ್ರಶ್ನಾವಳಿಗೆ ಉತ್ತರ ತುಂಬಿದ ಮಾತ್ರಕ್ಕೆ ಮಗುವಿಗೆ ಹಣೆಪಟ್ಟಿ ಅಂಟಿಸುವ ಚಪಲ ಉಂಟಾಗಬಾರದು.

ಕಲಿಕೆಯ ನ್ಯೂನತೆಯ ವಿಷಯದಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಬೇಕು. 1995ರ ಪಟ್ಟಿಯಲ್ಲಿ ಅದಕ್ಕೆ ಸ್ಥಾನವೇ ಇರಲಿಲ್ಲ. 2016ರ ಪಟ್ಟಿಯಲ್ಲಿ ದೊರೆಯಿತು. ಮಾತಿನಲ್ಲಿ ಚುರುಕಾಗಿದ್ದು, ಕೇಳಿದ ಕಥೆಯನ್ನು ಸೊಗಸಾಗಿ ಹೇಳಬಲ್ಲ ಮಗು ಓದಲು ಕುಳಿತರೆ ತೊಡರುತ್ತದೆ. ಇದರ ಬಗೆಗಿನ ಬಹುಪಾಲು ಪುಸ್ತಕಗಳು ಇಂಗ್ಲಿಷ್ ಓದಿನ ಆಧಾರದ ಮೇಲೆ ರಚಿತವಾದುವು. ಕನ್ನಡದ ಸ್ಥಿತಿ ಬೇರೆ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಹಲವು ಉಚ್ಚಾರಗಳಿರುವುದರಿಂದ ಮಗು ತಪ್ಪು ಓದುತ್ತದೆ. ಕನ್ನಡದಲ್ಲಿ ಬರೆದಂತೆ ಓದುವುದರಿಂದ ತಪ್ಪು ಕಡಿಮೆ, ನಿಧಾನ ಹೆಚ್ಚು. ಅಕ್ಷರ ಅಕ್ಷರವನ್ನೇ ಕೂಡಿಸಿಕೊಂಡು ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನ ಪದ ಮರೆತುಹೋಗಿರುತ್ತದೆ. ಗುಣಿತಾಕ್ಷರದ ದೀರ್ಘ ಹ್ರಸ್ವಗಳು, ಒತ್ತಕ್ಷರಗಳು, ಅದರಲ್ಲಿಯೂ ‘ಸ್ತ್ರೀ’, ‘ರಾಷ್ಟ್ರ’ ಮೊದಲಾದ ಪದಗಳಲ್ಲಿ ಒಂದರ ಕೆಳಗೊಂದು ಬರುವ ಒತ್ತುಗಳು ಅಂಥ ಮಗುವಿಗೆ ಏರಲಾರದ ಮೆಟ್ಟಿಲುಗಳು. ಪ ಮತ್ತು ಷ, ದ ಮತ್ತು ಧ, ಬ ಮತ್ತು ಭ ಇವುಗಳ ಭೇದ ಎಲ್ಲ ಮಕ್ಕಳಿಗೂ ಮೊದಲು ಕಷ್ಟವೇ. ಉಳಿದವರು ದಾಟಿ ಹೋದ ಮೇಲೂ ಈ ಮಗು ಅಲ್ಲಿಯೇ ನಿಂತಿರುತ್ತದೆ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ತಮಿಳು ಆಡುವ ಮಗುವಿನ ಕನ್ನಡದ ಓದು ನಿಧಾನವಾದರೆ ಅದು ಭಾಷೆಯ ಅಪರಿಚಯದಿಂದಲೋ ನ್ಯೂನತೆಯಿಂದಲೋ ಎಂಬುದನ್ನು ತಿಳಿಯಲು ತಾಳ್ಮೆ ಬೇಕು. ಮೊದಲ ತರಗತಿಯಲ್ಲಿಯೇ ತೀರ್ಪು ಕೊಡಬಾರದೆಂಬ ಕಾರಣದಿಂದ ಇದರ ಪ್ರಮಾಣಪತ್ರವನ್ನು 8 ವರ್ಷ ತುಂಬಿದ ಮೇಲೆ ಮಾತ್ರ ಕೊಡಬೇಕೆಂದೂ, 14 ಮತ್ತು 18ನೆಯ ವರ್ಷಗಳಲ್ಲಿ ಮರುಪರೀಕ್ಷೆ ನಡೆಸಬೇಕೆಂದೂ ನಿಯಮವಿದೆ. ನಗರದ ಶಾಲೆಗಳಲ್ಲಿ ಈ ನ್ಯೂನತೆಯ ಹೆಸರನ್ನಾದರೂ ತಂದೆ ತಾಯಿಗಳು ಕೇಳಿರುತ್ತಾರೆ. ಹಳ್ಳಿಯ ಶಾಲೆಯಲ್ಲಿ ಆ ಮಗುವಿಗೆ ದೊರೆಯುವ ಹೆಸರು ‘ದಡ್ಡ’ ಎಂಬುದೊಂದೇ.

ಪ್ರಮಾಣಪತ್ರವೆಂಬುದು ಸ್ವತಃ ಒಂದು ಯಾತ್ರೆ. ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿಯನ್ನು ಈಗ ಊರಿನಲ್ಲಿ ಕುಳಿತೇ ಗಣಕಯಂತ್ರದ ಮೂಲಕ ಸಲ್ಲಿಸಬಹುದು. ಆದರೆ ವೈದ್ಯರ ಮುಂದೆ ಮಗುವನ್ನು ನಿಲ್ಲಿಸಲೇಬೇಕು. ಬುದ್ಧಿಮಟ್ಟದ ಪರೀಕ್ಷೆ, ಶ್ರವಣ ಪರೀಕ್ಷೆ ಮೊದಲಾದುವಕ್ಕೆ ತಜ್ಞರು ಬೇಕಾದುದರಿಂದ ಸಾಮಾನ್ಯವಾಗಿ ಜಿಲ್ಲಾ ಕೇಂದ್ರಕ್ಕೇ ಹೋಗಬೇಕಾಗುತ್ತದೆ. ಕಡೂರಿನಿಂದ ಚಿಕ್ಕಮಗಳೂರಿಗೆ ಸುಮಾರು 40 ಕಿಲೋಮೀಟರ್. 2013ರ ನವೆಂಬರ್‌ನಿಂದ ರೈಲೂ ಇದೆ. ಶಿವನಿಯ ಕಡೆಯವರು ಅಜ್ಜಂಪುರ, ಬೀರೂರು, ಕಡೂರುಗಳನ್ನು ದಾಟಿ ಹೋಗಬೇಕು. ಮಿದುಳಿನ ಪಾರ್ಶ್ವವಾಯುವಿನ ಹತ್ತು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು ಎರಡು ಬಸ್ಸು ಬದಲಾಯಿಸುವ ತಾಯಿಗೆ ಒಂದು ದಿನದ ಕೂಲಿಯೂ ಹೋಗುತ್ತದೆ, ಸೊಂಟವೂ ಹೋಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾದದ್ದು ಇಂಥ ತಾಯಂದಿರಿಗೆ ದೊಡ್ಡ ಸಹಾಯ. ಖಾಸಗಿ ಬಸ್ಸುಗಳೇ ಓಡಾಡುವ ಮಾರ್ಗಗಳಲ್ಲಿ ಅದು ಅನ್ವಯಿಸದು. ಸೌಲಭ್ಯವೆಲ್ಲ ಪ್ರಮಾಣಪತ್ರವನ್ನು ಕಾಯುತ್ತ ಕೂತರೆ ಮಗುವಿನ ವರ್ಷಗಳು ಕಾಯುವುದಿಲ್ಲ. ಮುಂದಿನ ಸಾಲಿನಲ್ಲಿ ಕೂರಿಸುವುದಕ್ಕೆ, ದೊಡ್ಡ ಅಕ್ಷರದಲ್ಲಿ ಬರೆದುಕೊಡುವುದಕ್ಕೆ, ಬರೆಯುವ ಬದಲು ಬಾಯಲ್ಲಿ ಉತ್ತರ ಹೇಳಿಸಿಕೊಳ್ಳುವುದಕ್ಕೆ ಯಾವ ಪ್ರಮಾಣಪತ್ರವೂ ಬೇಕಿಲ್ಲವೆಂಬುದನ್ನು ಶಿಕ್ಷಕರು ತಿಳಿಯಬೇಕು.

ಗೃಹಾಧಾರಿತ ಶಿಕ್ಷಣದ ಬಗ್ಗೆ ಒಂದು ಮಾತು ಬಿಚ್ಚಿ ಹೇಳಬೇಕಾಗಿದೆ. ಶಿಕ್ಷಣ ಹಕ್ಕು ಅಧಿನಿಯಮಕ್ಕೆ 2012ರಲ್ಲಿ ಮಾಡಿದ ತಿದ್ದುಪಡಿಯು, ತೀವ್ರ ಅಥವಾ ಬಹುವಿಧ ನ್ಯೂನತೆಯ ಮಗು ಬಯಸಿದರೆ ಮನೆಯಲ್ಲಿಯೇ ಶಿಕ್ಷಣ ಪಡೆಯಬಹುದೆಂದು ಹೇಳಿತು. ಇದು ಮಗುವಿಗೆ ಕೊಟ್ಟ ಹಕ್ಕು; ಶಾಲೆಗೆ ಕೊಟ್ಟ ವಿನಾಯಿತಿಯಲ್ಲ. ಹಾಸಿಗೆ ಬಿಟ್ಟೇಳಲಾರದ ಮಗುವಿಗೆ ಮನೆಯಲ್ಲಿ ಬಂದು ಕಲಿಸುವ ಸ್ವಯಂಸೇವಕಿಯಿಂದ ಆಗುವ ಉಪಕಾರ ಅಪಾರ. ತಾಯಿಗೆ ಮಾತನಾಡಲು ಒಂದು ಜೀವ ಸಿಕ್ಕಿತೆಂಬುದೂ ಅದರಲ್ಲಿ ಸೇರಿದೆ. ಆದರೆ ಮಗುವನ್ನು ಶೌಚಕ್ಕೆ ಕರೆದೊಯ್ಯಲು ಶಾಲೆಯಲ್ಲಿ ಆಯಾ ಇಲ್ಲವೆಂಬ ಕಾರಣಕ್ಕೆ ‘ಗೃಹಾಧಾರಿತ’ ಎಂಬ ಪಟ್ಟಿಗೆ ಸೇರಿಸಿದರೆ, ಹಿಂದಿನ ಜಗಲಿಗೂ ಇಂದಿನ ಪಟ್ಟಿಗೂ ವ್ಯತ್ಯಾಸವೇನು? ಇವೆರಡರ ನಡುವೆ ಕರ್ನಾಟಕದಲ್ಲಿ ಶಾಲಾ ಸಿದ್ಧತಾ ಕೇಂದ್ರಗಳೆಂಬ ಒಳ್ಳೆಯ ಏರ್ಪಾಟು ಬೆಳೆದುಬಂದಿದೆ. ತೀವ್ರ ನ್ಯೂನತೆಯ ಮಕ್ಕಳನ್ನು ಅಲ್ಲಿಗೆ ಕರೆತಂದು, ವ್ಯಾಯಾಮ ಚಿಕಿತ್ಸೆ ಕೊಡಿಸಿ, ಕೂರುವುದು, ಉಣ್ಣುವುದು, ಬಣ್ಣ ಗುರುತಿಸುವುದು, ತನ್ನ ಸರದಿ ಕಾಯುವುದು ಮೊದಲಾದುವನ್ನು ಕಲಿಸಿ, ಸಾಧ್ಯವಾದವರನ್ನು ತರಗತಿಗೆ ಕಳುಹಿಸುವುದು ಅದರ ಉದ್ದೇಶ. ಕೇಂದ್ರ ಊರಿನಿಂದ ದೂರವಿದ್ದಷ್ಟೂ ಮಕ್ಕಳ ಹಾಜರಿ ಕಡಿಮೆಯಾಗುತ್ತದೆ. ಕರೆತರುವವರ ಭತ್ಯೆ ಆಟೋರಿಕ್ಷಾದ ಬಾಡಿಗೆಗೆ ಸಾಲದೆ ಹೋಗುವುದೂ ಉಂಟು.

ಹತ್ತನೆಯ ತರಗತಿಯ ಪರೀಕ್ಷೆಯ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಹೆಚ್ಚಿನ ಕಾಲಾವಕಾಶ, ಉತ್ತರ ಬರೆದುಕೊಡುವ ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಇವುಗಳಿಗೆ 2016ರ ಅಧಿನಿಯಮದಲ್ಲಿಯೇ ಆಧಾರವಿದೆ; ಗಂಟೆಗೆ 20 ನಿಮಿಷಗಳಿಗೆ ಕಡಿಮೆಯಿಲ್ಲದಂತೆ ಹೆಚ್ಚಿನ ಕಾಲ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಇವು ದಾನವಲ್ಲ, ಹಕ್ಕು. ಆದರೆ ಒಂಬತ್ತು ವರ್ಷ ಪಾಠವನ್ನು ಮಾರ್ಪಡಿಸದೆ ಹತ್ತನೆಯ ವರ್ಷ ಪರೀಕ್ಷೆಯನ್ನು ಮಾತ್ರ ಮಾರ್ಪಡಿಸಿದರೆ, ಸಹಾಯಕನು ಬರೆಯಲು ಸಿದ್ಧನಾಗಿ ಕುಳಿತಿದ್ದರೂ ಹೇಳಲು ಮಗುವಿನ ಬಳಿ ಏನೂ ಇರುವುದಿಲ್ಲ.

ಎಲ್ಲವೂ ಕೊನೆಗೆ ಶಿಕ್ಷಕರ ಸಂಖ್ಯೆಯ ಪ್ರಶ್ನೆಗೇ ಬಂದು ನಿಲ್ಲುತ್ತದೆ. ವಿಶೇಷ ಶಿಕ್ಷಕರು ಎಷ್ಟು ಮಕ್ಕಳಿಗೆ ಎಷ್ಟಿರಬೇಕೆಂಬ ವಿಷಯವನ್ನು ಸರ್ವೋಚ್ಚ ನ್ಯಾಯಾಲಯವು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ಪರಿಶೀಲಿಸಿ ತೀರ್ಪು ಕೊಟ್ಟಿತು. ಅದರಂತೆ 2022ರಲ್ಲಿ ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಗೇ ಪ್ರಮಾಣವು ಸೇರಿತು: ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು. ಒಂದು ವಲಯದಲ್ಲಿ ಇಂಥ 300 ಮಕ್ಕಳಿದ್ದಾರೆಂದು ಭಾವಿಸಿದರೆ ಅಲ್ಲಿಗೆ 20ರಿಂದ 30 ಮಂದಿ ವಿಶೇಷ ಶಿಕ್ಷಕರು ಬೇಕಾಗುತ್ತದೆ. ಬೆರಳೆಣಿಕೆಯ ಸಂಚಾರಿ ಶಿಕ್ಷಕರಿಂದ ನಡೆದುಬಂದ ವ್ಯವಸ್ಥೆಗೂ ಇದಕ್ಕೂ ಇರುವ ಅಂತರ ಹೇಳದೆಯೇ ತಿಳಿಯುತ್ತದೆ. 2025ರ ಮಾರ್ಚ್ 7ರಂದು ಅದೇ ನ್ಯಾಯಾಲಯವು, ಎಲ್ಲ ರಾಜ್ಯಗಳೂ ಈ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಬೇಕೆಂದೂ, ಅರ್ಹರನ್ನು ಆಯ್ದು ನೇಮಿಸಬೇಕೆಂದೂ, ವರ್ಷಗಟ್ಟಲೆ ಗುತ್ತಿಗೆಯ ಮೇಲೆ ದುಡಿಯುತ್ತಿರುವವರ ಅರ್ಹತೆಯನ್ನು ಸಮಿತಿಯ ಮೂಲಕ ಪರಿಶೀಲಿಸಬೇಕೆಂದೂ ಆದೇಶಿಸಿತು. ಅರ್ಹತೆಯೆಂದರೆ ಭಾರತೀಯ ಪುನರ್ವಸತಿ ಪರಿಷತ್ತು ಅಂಗೀಕರಿಸಿದ ತರಬೇತಿ. ಅಂಥ ತರಬೇತಿಯೂ ಬಹುಮಟ್ಟಿಗೆ ಒಂದೊಂದು ನ್ಯೂನತೆಗೆ ಮೀಸಲಾದುದು. ಶ್ರವಣ ದೋಷದಲ್ಲಿ ಪರಿಣತರಾದವರು ಬ್ರೈಲ್ ಬಲ್ಲವರಾಗಿರಬೇಕೆಂದಿಲ್ಲ. ಪಟ್ಟಣದ ವಿಶೇಷ ಶಾಲೆಗೆ ಇದು ಅಡ್ಡಿಯಾಗದು. ಐದು ಊರುಗಳಲ್ಲಿ ಐದು ಬಗೆಯ ಐದು ಮಕ್ಕಳಿರುವ ಬಯಲುಸೀಮೆಯಲ್ಲಿ ಇದು ದೊಡ್ಡ ತೊಡಕು. ಆಯ್ಕೆಯಾದವರಿಗೆ ಬೇರೆ ನ್ಯೂನತೆಗಳ ಅಲ್ಪಾವಧಿ ತರಬೇತಿಯನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ ಮೂಲಕ ಕೊಡಿಸುವುದು ಅಸಾಧ್ಯವೇನಲ್ಲ.

ಹುದ್ದೆಗಳ ಕೇಂದ್ರಸ್ಥಾನ ಯಾವುದೆಂಬುದನ್ನೂ ಈಗಲೇ ಯೋಚಿಸಬೇಕಾಗಿದೆ. ಹೊಸ ಶಿಕ್ಷಕರೆಲ್ಲರನ್ನೂ ಕಡೂರು, ಬೀರೂರು, ತರೀಕೆರೆ ಪಟ್ಟಣಗಳ ಸಂಪನ್ಮೂಲ ಕೇಂದ್ರಗಳಲ್ಲಿ ಕೂರಿಸಿದರೆ ಅವರ ವೇಳೆಯೆಲ್ಲ ಬಸ್ಸಿನಲ್ಲಿ ಕಳೆಯುತ್ತದೆ. ಯಗಟಿ, ಪಂಚನಹಳ್ಳಿ, ಶಿವನಿ, ಲಿಂಗದಹಳ್ಳಿ, ಲಕ್ಕವಳ್ಳಿ ಇಂಥ ಹೋಬಳಿ ಊರುಗಳ ಒಂದೊಂದು ದೊಡ್ಡ ಶಾಲೆಗೆ ಇಬ್ಬಿಬ್ಬರನ್ನು ನೇಮಿಸಿ, ಸುತ್ತಲಿನ ಶಾಲೆಗಳನ್ನು ಅವರಿಗೆ ವಹಿಸಿಕೊಟ್ಟಲ್ಲಿ, ಒಂದು ಮಗುವನ್ನು ವಾರಕ್ಕೆರಡು ಸಲವಾದರೂ ಅವರು ಕಾಣಬಲ್ಲರು. ಗ್ರಾಮ ಪಂಚಾಯಿತಿಗಳಲ್ಲಿ ಈಗಾಗಲೇ ಗೌರವಧನದ ಮೇಲೆ ಕೆಲಸ ಮಾಡುತ್ತಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಸ್ವತಃ ನ್ಯೂನತೆಯುಳ್ಳವರೂ ಇದ್ದು ಮನೆಮನೆಯನ್ನೂ ಬಲ್ಲವರು. ಯಾವ ತೋಟದ ಮನೆಯಲ್ಲಿ ಯಾವ ಮಗು ಶಾಲೆಗೆ ಹೋಗದೆ ಕುಳಿತಿದೆ ಎಂಬುದನ್ನು ತಿಳಿಯಲು ಹೊಸ ಸಮೀಕ್ಷೆಗೆ ಮೊದಲು ಅವರನ್ನು ಕೇಳಿದರೆ ಸಾಕು. ಅಧಿನಿಯಮದಂತೆ ಶಾಲಾ ಮಕ್ಕಳ ಸಮೀಕ್ಷೆ 5 ವರ್ಷಕ್ಕೊಮ್ಮೆ ನಡೆಯತಕ್ಕದ್ದು. ಆರು ವರ್ಷದ ಮಗು ಒಂದು ಸಮೀಕ್ಷೆಯಲ್ಲಿ ತಪ್ಪಿಹೋದರೆ ಮುಂದಿನದು ಬರುವ ವೇಳೆಗೆ ಅದಕ್ಕೆ ಹನ್ನೊಂದು ವರ್ಷವಾಗಿರುತ್ತದೆ.